ಹರ್ಷಿತಾಳ ಹದಿನೈದಕ್ಕೆ ನಾನು ಹೊತ್ತ ಸ್ಟಾರ್ಟರ್ ಜವಾಬ್ದಾರಿ

ನನಗೆ ಗೊತ್ತಿಲ್ಲದ ವಿಷಯ ಈ ಲೋಕದಲ್ಲಿ ಬೇಕಾದಷ್ಟಿದೆ. ಆದರೆ ‘ಗೊತ್ತಿಲ್ಲ’ ಎಂಬ ಮಾತು ಮಾತ್ರ ನನ್ನ ಬಾಯಿಂದ ಸಲೀಸಾಗಿ ಹೊರಡುವುದಿಲ್ಲ. ಯಾರಾದರೂ ಏನಾದರೂ ಕೇಳಿದರೆ ತಲೆ ‘ಸ್ವಲ್ಪ ತಾಳು’ ಅನ್ನುವಷ್ಟರಲ್ಲಿ ನಾಲಿಗೆ ‘ಅದಕ್ಕೇನಂತೆ, ನಾನು ನೋಡ್ಕೋತೀನಿ’ ಎಂದು ಹೇಳಿ ಮುಗಿಸಿರುತ್ತದೆ. ಹೀಗೆ ನಾನು ನೋಡಿಕೊಂಡ ಕೆಲಸಗಳಲ್ಲಿ ಪಕ್ಕದ ಮನೆಯ ಹಸುವಿನ ಹೆರಿಗೆ, ಆಫೀಸಿನ ಕಂಪ್ಯೂಟರ್ ರಿಪೇರಿ, ಓರಗಿತ್ತಿಯ ತಮ್ಮನ ಮದುವೆ ಮಾತುಕತೆ ಎಲ್ಲ ಸೇರಿವೆ. ಹಸು ಮತ್ತು ಕರು ಚೆನ್ನಾಗಿವೆ, ಅವೆರಡೂ ನನ್ನನ್ನು ನೆಚ್ಚಿಕೊಂಡಿರಲಿಲ್ಲ. ಆಫೀಸಿಗೆ ಹೊಸ ಕಂಪ್ಯೂಟರ್ ಬಂತು. ಓರಗಿತ್ತಿಯ ತಮ್ಮನಿಗೆ ಇನ್ನೂ ಹೆಣ್ಣು ಹುಡುಕುತ್ತಿದ್ದಾರೆ. ಆದರೂ ನಮ್ಮ ಕಡೆಯವರು ಯಾವ ಕಾರ್ಯ ಬಂದರೂ ‘ಕುಸುಮಕ್ಕನ್ನ ಕೇಳಿ’ ಅನ್ನುವುದನ್ನು ಬಿಟ್ಟಿಲ್ಲ. ಜನಕ್ಕೆ ಕೆಲಸ ಚೆನ್ನಾಗಿ ಆಗಬೇಕು ಎನ್ನುವುದಕ್ಕಿಂತ ಯಾರಾದರೊಬ್ಬರು ಗಟ್ಟಿ ಧ್ವನಿಯಲ್ಲಿ ‘ಆಗುತ್ತೆ’ ಎಂದರೆ ಸಾಕಾಗಿರುತ್ತದೆ ಎಂದು ನಾನು ಕಂಡುಕೊಂಡಿದ್ದೇನೆ.

ಹರ್ಷಿತಾ ನನ್ನ ತಂಗಿ ಸುಜಾತಳ ಮಗಳು. ಅವರ ಮನೆ ಬಿಳಿಗೆರೆಯಲ್ಲಿ, ಮನೆಯ ಹಿಂದೆಯೇ ತೆಂಗಿನ ತೋಟ. ಹುಡುಗಿ ದಿನಾ ಬಸ್ಸಿನಲ್ಲಿ ತಿಪಟೂರಿಗೆ ಹೋಗಿ ಹೈಸ್ಕೂಲು ಓದುತ್ತಾಳೆ. ಎರಡು ವರ್ಷದ ಹಿಂದೆ ಅವಳು ದೊಡ್ಡವಳಾದಾಗ ಅಜ್ಜಿ, ಅಂದರೆ ಸುಜಾತಳ ಅತ್ತೆ ಗಂಗಮ್ಮ, ಆರತಿ ಮಾಡಲೇಬೇಕು ಎಂದು ನಿಂತರು. ನಮ್ಮ ಕಡೆ ಆರತಿ ಎಂದರೆ ಅಂಗಳದಲ್ಲಿ ಹಸಿ ಗರಿಯ ಗುಡ್ಲು ಕಟ್ಟಿ, ಹುಡುಗಿಯನ್ನು ಅದರೊಳಗೆ ಕೂರಿಸಿ, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ತಂಬಿಟ್ಟು, ಕೊಬ್ಬರಿ ಬೆಲ್ಲ ತಿನ್ನಿಸಿ, ಊರ ಹೆಂಗಸರೆಲ್ಲ ಹಾಡು ಹೇಳಿ, ಬಂದವರಿಗೆಲ್ಲ ಒಬ್ಬಟ್ಟಿನ ಊಟ ಹಾಕುವುದು. ಹರ್ಷಿತಾ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು. ‘ನನ್ನ ಕ್ಲಾಸಿನ ಹುಡುಗ್ರು ಅರ್ಧ ಇದೇ ಊರೋರು. ಅವ್ರಮ್ಮನ ಜೊತೆ ಬಂದು ಒಬ್ಬಟ್ಟು ತಿಂದು ಹೋಗ್ತಾರೆ. ನಾಳೆ ಅದೇ ಬಸ್ಸಲ್ಲಿ ನಾನು ಅವ್ರ ಎದುರಿಗೆ ಕೂತ್ಕೋಬೇಕು’ ಎಂದು ಒಳಗಿನಿಂದಲೇ ಹೇಳಿದಳು. ಹುಡುಗಿ ಹೇಳುವುದರಲ್ಲಿ ನ್ಯಾಯ ಇತ್ತು. ಸುಜಾತ ಮಗಳ ಪರ ನಿಂತಳು. ಗಂಗಮ್ಮ ‘ಆಯ್ತು ಬುಡು’ ಎಂದರು. ಗಂಗಮ್ಮ ‘ಬುಡು’ ಎಂದರೆ ಬಿಟ್ಟರು ಎಂದು ಅರ್ಥ ಮಾಡಿಕೊಂಡವರು ಆ ಮನೆಗೆ ಹೊಸಬರು.

ಈ ವರ್ಷ ಹರ್ಷಿತಾಳಿಗೆ ಹದಿನೈದು ತುಂಬುವುದಕ್ಕೆ ಇನ್ನೂ ತಿಂಗಳಿರುವಾಗಲೇ ಅಜ್ಜಿ ಮತ್ತೆ ಮಾತು ಎತ್ತಿದರು. ಹುಡುಗಿಯೂ ತಯಾರಾಗಿಯೇ ಇದ್ದಳು. ಒಂದು ಭಾನುವಾರ ನಾನು ಅಲ್ಲಿಗೆ ಹೋಗಿದ್ದಾಗ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ ಫೋನಿನಲ್ಲಿ ವಿಡಿಯೋ ತೋರಿಸಿದಳು. ದೊಡ್ಡ ಘೇರಿನ ಗೌನು ತೊಟ್ಟು ಕಿರೀಟ ಇಟ್ಟುಕೊಂಡ ಹುಡುಗಿಯೊಬ್ಬಳು ಅಪ್ಪನ ಕೈ ಹಿಡಿದು ಕುಣಿಯುತ್ತಿದ್ದಳು. ‘ಮೆಕ್ಸಿಕೋ ಕಡೆ ಹುಡುಗೀರಿಗೆ ಹದಿನೈದು ತುಂಬಿದ್ರೆ ಹಿಂಗೆ ಮಾಡ್ತಾರೆ. ಕಿನ್ಸೆನ್ಯೇರಾ ಅಂತಾರೆ’ ಎಂದಳು.

‘ಅದೆಷ್ಟು ಸೇರವ್ವ?’ ಎಂದರು ಗಂಗಮ್ಮ.

‘ಸೇರಲ್ಲ ಅಜ್ಜಿ. ಹದಿನೈದು ಅಂತ ಅರ್ಥ.’

‘ಹದಿನೈದ್ ಸೇರಾ? ಅಕ್ಕೀನೋ ಬ್ಯಾಳೇನೋ?’

ಈ ಲೆಕ್ಕ ಬಗೆಹರಿಯುವುದರೊಳಗೆ ಕಾಫಿ ಎರಡು ಸಲ ಆಯಿತು. ಕೊನೆಗೆ ಆರತಿಯೂ ಬೇಡ, ಮೆಕ್ಸಿಕೋನೂ ಬೇಡ, ಹದಿನೈದನೇ ಹುಟ್ಟುಹಬ್ಬವನ್ನು ಸ್ವಲ್ಪ ಜೋರಾಗಿ ಮಾಡೋಣ ಎಂದು ತೀರ್ಮಾನವಾಯಿತು. ಗೌನು ಒಪ್ಪಿಗೆ, ಮೊಟ್ಟೆ ಇಲ್ಲದ ಕೇಕು ಒಪ್ಪಿಗೆ, ಊಟಕ್ಕೆ ಮಾಮೂಲಿ ಅಡುಗೆಯವರು. ‘ಮತ್ತೆ ಊಟಕ್ಕೆ ಮುಂಚೆ ಸ್ಟಾರ್ಟರ್ ಇರಬೇಕು’ ಎಂದಳು ಹರ್ಷಿತಾ. ಅದುವರೆಗೆ ಬಾಗಿಲ ಬಳಿ ನಿಂತು ಎಲ್ಲದಕ್ಕೂ ತಲೆಯಾಡಿಸುತ್ತಿದ್ದ ಅವಳ ಅಪ್ಪ ಲೋಕೇಶನಿಗೆ ಮೊದಲ ಬಾರಿಗೆ ತನಗೆ ಗೊತ್ತಿರುವ ಮಾತು ಕೇಳಿಸಿತು. ‘ಸ್ಟಾರ್ಟರ್ ಮೊನ್ನೆ ತಾನೇ ಹೊಸದು ಹಾಕ್ಸಿದೀನಿ ಕಣವ್ವ. ಮೋಟ್ರು ಈಗ ಚೆನ್ನಾಗಿ ಎತ್ತತಾ ಐತೆ’ ಎಂದ.

‘ಬೋರ್‌ವೆಲ್‌ದಲ್ಲಪ್ಪ. ಊಟಕ್ಕೆ ಮುಂಚೆ ಚೂರು ಚೂರು ತಿಂತಾರಲ್ಲ, ಅದು. ಹಸಿವಾಗ್ಲಿ ಅಂತ.’

‘ಹಸಿವಾಗ್ಲಿ ಅಂತ ಯಾರಾನಾ ತಿಂತಾರಾ?’ ಎಂದರು ಗಂಗಮ್ಮ. ‘ಹಸಿವಿಲ್ಲದಿರೋರು ಊಟಕ್ಯಾಕೆ ಬತ್ತಾರೆ?’

ನಾನು ಈವರೆಗೆ ಕೇಳಿಸಿಕೊಂಡ ಪ್ರಶ್ನೆಗಳಲ್ಲಿ ಇದಕ್ಕೆ ಉತ್ತರ ಕೊಡುವುದು ಬಹಳ ಕಷ್ಟ. ಅಡುಗೆಯವರಿಗೆ ಇದೆಲ್ಲ ಬರುವುದಿಲ್ಲ ಎಂದಳು ಸುಜಾತ. ಆಮೇಲೆ ಏನಾಯಿತೆಂದು ನೀವು ಊಹಿಸಬಲ್ಲಿರಿ. ನನ್ನ ನಾಲಿಗೆ ತನ್ನ ಮಾಮೂಲಿ ಮಾತನ್ನು ಹೇಳಿತು.

ಅಂದು ನನ್ನನ್ನು ಬಸ್ಸಿಗೆ ಹತ್ತಿಸಲು ಹರ್ಷಿತಾ ಜೊತೆಗೆ ಬಂದಳು. ದಾರಿಯಲ್ಲಿ ನಿಂತು ‘ದೊಡ್ಡಮ್ಮ, ಇದು ಬರ್ತ್‌ಡೇ ಮಾತ್ರ. ಅಜ್ಜಿ ಮಧ್ಯದಲ್ಲಿ ಆರತಿ ಗೀರತಿ ತೂರಿಸ್ಬಾರ್ದು. ಅಮ್ಮ ಅಜ್ಜಿಗೆ ಎದುರು ಮಾತಾಡಲ್ಲ. ಊಟ ತಿಂಡಿ ಎಲ್ಲಾ ನಿನ್ನ ಕೈಲಿದೆ. ನೀನು ಮಾತು ಕೊಡು’ ಎಂದಳು. ಇಷ್ಟು ದೊಡ್ಡ ಕಣ್ಣು ಬಿಟ್ಟುಕೊಂಡು ಕೇಳುವ ಹುಡುಗಿಗೆ ಮಾತು ಕೊಡದೆ ಇರುವುದು ಹೇಗೆ? ಕೊಟ್ಟೆ. ಬಸ್ಸು ಹತ್ತಿ ಕೂತಾಗ ನನಗೆ ಎರಡೂ ಕೆಲಸ ಸುಲಭದ್ದು ಅನ್ನಿಸಿತು. ಅಜ್ಜಿಯನ್ನು ಸಂಭಾಳಿಸುವುದು ಒಂದು, ತಿಂಡಿ ಆರಿಸುವುದು ಇನ್ನೊಂದು.

ನಾನು ತಿಪಟೂರಿನಿಂದ ಚಿಕ್ಕನಾಯಕನಹಳ್ಳಿಗೆ ದಿನಾ ಕೆಲಸಕ್ಕೆ ಓಡಾಡುವವಳು. ಬಸ್ಸಿನಲ್ಲಿ ಯೋಚನೆ ಮಾಡುವುದಕ್ಕೆ ಪುರುಸೊತ್ತು ಸಿಗುತ್ತದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಯೋಚನೆಯ ಗುಣಮಟ್ಟವೂ ಹೆಚ್ಚುತ್ತದೆ. ಗೋಬಿ ಮಂಚೂರಿ ಎಲ್ಲರಿಗೂ ಗೊತ್ತಿರುವುದು, ಅದು ಬೇಡ. ನಮ್ಮ ಮಣ್ಣಿನದೇ ಆಗಿರಬೇಕು, ನೋಡಲು ಹೊಸದಾಗಿರಬೇಕು ಎಂದು ಯೋಚಿಸುತ್ತಿದ್ದ ಹಾಗೆ ತಟ್ಟನೆ ಹೊಳೆಯಿತು: ನೆಲ್ಲಿಕಾಯಿ ಗಾತ್ರದ ರಾಗಿಮುದ್ದೆ, ಒಂದೊಂದಕ್ಕೂ ಒಂದು ಕಡ್ಡಿ, ಪಕ್ಕದಲ್ಲಿ ಪುಟ್ಟ ಬಟ್ಟಲಲ್ಲಿ ಬಸ್ಸಾರು. ಇಷ್ಟು ದಿನ ಇದು ಯಾರಿಗೂ ಯಾಕೆ ಹೊಳೆಯಲಿಲ್ಲ ಎಂದು ನನಗೆ ಆಶ್ಚರ್ಯವಾಯಿತು. ಅದೇ ಸಂಜೆ ಮಾಡಿ ನನ್ನ ಗಂಡನ ಮುಂದಿಟ್ಟಾಗ ಯಾಕೆ ಎಂದು ಗೊತ್ತಾಯಿತು. ನಮ್ಮವರು ಕೊಬ್ಬರಿ ವ್ಯಾಪಾರದವರು, ಮಾತು ಕಡಿಮೆ. ಒಂದನ್ನು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಹೊರಗೆ ತೆಗೆದರು. ‘ಮುದ್ದೆ ಅಗಿಯಂಗಿಲ್ಲ. ನುಂಗಣಾ ಅಂದ್ರೆ ಕಡ್ಡಿ ಅಡ್ಡ ಬತ್ತದೆ’ ಎಂದರು. ಮದುವೆಯಾದಾಗಿನಿಂದ ನನ್ನ ಅಡುಗೆಯ ಬಗ್ಗೆ ಅವರು ಇಷ್ಟು ವಿವರವಾಗಿ ಮಾತಾಡಿದ್ದು ಅದೇ ಮೊದಲು.

ನಾನು ಧೃತಿಗೆಡಲಿಲ್ಲ. ಶನಿವಾರ ಗೌನಿನ ಅಳತೆಗೆಂದು ಹರ್ಷಿತಾಳನ್ನು ಕರೆದುಕೊಂಡು ಶಬಾನಾ ಅವರ ಟೈಲರಿಂಗ್ ಅಂಗಡಿಗೆ ಹೋದೆ. ಶಬಾನಾ ಅವರ ಮಗಳು ಸಾನಿಯಾ ನಮ್ಮ ಹುಡುಗಿಯ ಜೀವದ ಗೆಳತಿ. ಗೌನಿನ ಬಟ್ಟೆ ತೆಳು ಗುಲಾಬಿ ಬಣ್ಣದ್ದು, ಮುಟ್ಟಲೂ ಭಯವಾಗುವಂಥದ್ದು. ನಾನು ಸ್ಟಾರ್ಟರ್ ವಿಷಯ ಎತ್ತಿದೆ. ಶಬಾನಾ ಬಾಯಲ್ಲಿದ್ದ ಪಿನ್ನು ತೆಗೆದು ‘ಅಕ್ಕಾ, ಏನ್ ಬೇಕಾದ್ರೂ ಮಾಡಿ, ಕೈಗೆ ಎಣ್ಣೆ ಅಂಟೋದು ಮಾತ್ರ ಬೇಡ. ಕೆಂಪು ಸಾಸಂತೂ ಬೇಡವೇ ಬೇಡ. ಎಲ್ರೂ ಬಂದು ಕೈ ಹಿಡೀತಾರೆ, ತಬ್ಬಿಕೋತಾರೆ. ಕೇಕು ಕಟ್ ಮಾಡೋ ಹೊತ್ತಿಗೆ ನನ್ನ ಗೌನು ಒರೆಸೋ ಬಟ್ಟೆ ಆಗಿರುತ್ತೆ’ ಎಂದರು. ಅಲ್ಲಿಗೆ ನಾನು ಯೋಚಿಸಿದ್ದ ಪನೀರು, ಬೇಬಿಕಾರ್ನ್, ಮಸಾಲೆ ನಿಪ್ಪಟ್ಟು ಎಲ್ಲ ಬಿದ್ದುಹೋದವು. ಉಳಿದದ್ದು ಬೆರಳುಂಗುರದಷ್ಟು ಚಿಕ್ಕ ಕೋಡುಬಳೆ ಮತ್ತು ಎಣ್ಣೆ ಬಸಿದ ಒಣ ಆಂಬೊಡೆ.

ಈ ಕಷ್ಟವನ್ನು ನಾನು ಗಂಗಮ್ಮನಿಗೆ ಫೋನಿನಲ್ಲಿ ಹೇಳಬಾರದಿತ್ತು. ಆದರೆ ನನಗೆ ಅವರನ್ನು ಒಲಿಸಿಕೊಳ್ಳುವ ಉಪಾಯವೂ ಇತ್ತು. ಹಿರಿಯರನ್ನು ಒಂದು ಮಾತು ಕೇಳಿದರೆ ಅವರ ಮುನಿಸು ಇಳಿಯುತ್ತದೆ ಎಂಬುದು ನನ್ನ ಲೆಕ್ಕ. ‘ಒಂದೇ ಬಾಯಿಗೆ ಆಗ್ಬೇಕು ಅತ್ತೆ, ಕೈಗೆ ಎಣ್ಣೆ ಅಂಟಬಾರ್ದು, ಒಣಗಿರ್ಬೇಕು’ ಎಂದೆ.

‘ಅಷ್ಟೇನಾ? ಚಿಗಳಿ ಕಟ್ಟಿದ್ರಾಯ್ತು’ ಎಂದರು.

ನನಗೆ ಒಂದು ಕ್ಷಣ ಅನುಮಾನ ಬಂತು. ಆದರೆ ಚಿಗಳಿಯನ್ನು ನಾಗರ ಪಂಚಮಿಗೂ ಮಾಡುತ್ತೇವಲ್ಲ, ಅದನ್ನು ನೋಡಿ ಯಾರು ಏನು ತಿಳಿದುಕೊಳ್ಳುತ್ತಾರೆ ಎಂದುಕೊಂಡೆ. ಚಿಕ್ಕದಾಗಿ ಕಟ್ಟಿ ಬಣ್ಣದ ಕಾಗದದ ಬಟ್ಟಲಲ್ಲಿ ಇಟ್ಟರೆ ಚಿಗಳಿ ಹೋಗಿ ‘ಸೆಸಮಿ ಬೈಟ್’ ಆಗುತ್ತದೆ. ಎರಡು ದಿನ ಬಿಟ್ಟು ಗಂಗಮ್ಮನೇ ಫೋನು ಮಾಡಿ ತಂಬಿಟ್ಟೂ ಒಣಗಿರ್ತದಲ್ಲ ಎಂದರು. ನಿಜ, ಒಣಗಿರುತ್ತದೆ. ಇನ್ನೆರಡು ದಿನಕ್ಕೆ, ಮನೇಲೇ ಉಂಡೆ ಕೊಬ್ಬರಿ ಇಟ್ಕೊಂಡು ಅಂಗಡಿಯಿಂದ ಯಾಕೆ ತರಾದು, ಕೊಬ್ಬರಿ ಬೆಲ್ಲ ಚೂರು ಮಾಡಿ ಇಡ್ತೀನಿ ಎಂದರು. ಅದೂ ಸರಿಯೇ. ಅಜ್ಜಿ ಆರತಿಯ ಹಟ ಬಿಟ್ಟು ಇಷ್ಟು ಉತ್ಸಾಹದಿಂದ ಹುಟ್ಟುಹಬ್ಬಕ್ಕೆ ಇಳಿದದ್ದನ್ನು ನೋಡಿ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ‘ಹೆಂಗೆ ದಾರಿಗೆ ತಂದೆ ನೋಡಿ’ ಎಂದು ಗಂಡನಿಗೆ ಹೇಳಿದೆ. ಅವರು ನನ್ನ ಮುಖ ನೋಡಿ ಕೊಬ್ಬರಿ ಮಂಡಿಗೆ ಹೊರಟುಹೋದರು.

ಹುಟ್ಟುಹಬ್ಬದ ದಿನ ಬಿಳಿಗೆರೆಯ ಮನೆಯ ಮುಂದೆ ಶಾಮಿಯಾನ ಎದ್ದಿತ್ತು. ಗೆಳತಿಯರು ಸೇರಿ ಒಂದು ದೊಡ್ಡ ಕುರ್ಚಿಗೆ ಬಲೂನು, ಹೂವು ಕಟ್ಟಿ ಸಿಂಹಾಸನ ಮಾಡಿದ್ದರು. ಗುಲಾಬಿ ಗೌನಿನಲ್ಲಿ ಹರ್ಷಿತಾ ಹೊರಗೆ ಬಂದಾಗ ಲೋಕೇಶ ತೋಟದ ಕಡೆ ತಿರುಗಿ ಮೂಗು ಒರೆಸಿಕೊಂಡ. ನಾನು ಜರಿ ಸೀರೆಯ ಸೆರಗು ಸಿಕ್ಕಿಸಿಕೊಂಡು ಅಡುಗೆಯ ಹುಡುಗರಿಗೆ ತಟ್ಟೆ ಹಿಡಿಯುವುದು, ಬಗ್ಗುವುದು, ನಗುವುದು ಎಲ್ಲ ಹೇಳಿಕೊಟ್ಟೆ. ತಟ್ಟೆಗಳು ಹೊರಟವು. ಮೊದಲ ಸಾಲಿನಲ್ಲಿ ಕೂತಿದ್ದ ಊರ ಹಿರಿಯರು ಒಂದು ಕೋಡುಬಳೆ, ಒಂದು ಆಂಬೊಡೆ ತೆಗೆದುಕೊಂಡು, ತಟ್ಟೆ ಮುಂದಕ್ಕೆ ಹೋದದ್ದನ್ನು ನೋಡಿ ಗಾಬರಿಯಾದರು. ‘ಎಲೇನೇ ಹಾಕ್ನಿಲ್ವಲ್ಲಪ್ಪ’ ಎಂದರು ಒಬ್ಬರು. ಅವರ ಪಕ್ಕದವರು ದನಿ ತಗ್ಗಿಸಿ, ‘ಲೋಕೇಶಂಗೆ ಏನೋ ತೊಂದ್ರೆ ಇರ್ಬೇಕು ಕಣ್ಲಾ. ಒಂದೊಂದೇ ಕೊಡಿಸ್ತಾವ್ನೆ. ಸುಮ್ಕೆ ತಿನ್ನು’ ಎಂದರು. ನಾನು ಹೋಗಿ ಇದು ಊಟವಲ್ಲ, ಊಟ ಆಮೇಲೆ ಇದೆ ಎಂದು ತಿಳಿಸಿ ಬಂದೆ. ಅವರು ನಂಬಲಿಲ್ಲ. ಎರಡನೇ ಸುತ್ತಿಗೆ ತಟ್ಟೆ ಬಂದಾಗ ಮುನ್ನೆಚ್ಚರಿಕೆಯಿಂದ ಟವೆಲಿನ ತುಂಬ ತುಂಬಿಕೊಂಡರು.

ಅಷ್ಟರಲ್ಲಿ ಹೆಂಗಸರ ಕಡೆಗೆ ಗಂಗಮ್ಮನ ತಟ್ಟೆಗಳು ಹೋದವು. ಪಕ್ಕದ ಮನೆಯ ಸಿದ್ದಮ್ಮ ಬಣ್ಣದ ಕಾಗದದ ಬಟ್ಟಲಿನಿಂದ ಚಿಗಳಿ ಎತ್ತಿ ಮೂಸಿದರು. ಪಕ್ಕದಲ್ಲಿ ಕೊಬ್ಬರಿ ಬೆಲ್ಲ ಕಂಡಿತು. ತಂಬಿಟ್ಟು ತೆಗೆದು ತಿರುಗಿಸಿ ನೋಡಿದರು. ಪ್ರತಿ ತಂಬಿಟ್ಟಿನ ನೆತ್ತಿಯಲ್ಲೂ ಹೆಬ್ಬೆರಳಿನಿಂದ ಒತ್ತಿದ ಒಂದು ಗುಂಡಿ ಇತ್ತು. ಬೆಳಗ್ಗೆ ಅದನ್ನು ನೋಡಿ ನಾನು ‘ಡಿಸೈನ್ ಚೆನ್ನಾಗಿದೆ ಅತ್ತೆ’ ಎಂದು ಹೊಗಳಿದ್ದೆ. ಅದು ತುಪ್ಪ ಬಿಟ್ಟು ಬತ್ತಿ ಹಚ್ಚುವ ಗುಂಡಿ ಎಂಬುದು, ಆರತಿಗಳನ್ನು ನೋಡುತ್ತಲೇ ಬೆಳೆದ ನನಗೆ, ಸಿದ್ದಮ್ಮ ಬಾಯಿ ತೆರೆದಾಗ ನೆನಪಾಯಿತು. ‘ಆರತಿ ಅಂತ ಬಾಯಿ ಬುಟ್ಟು ಹೇಳ್ಬಾರ್ದಾ ಗಂಗಮ್ಮ? ನಾವೇನು ಕೇಕು ತಿನ್ನಕ್ಕೆ ಬಂದಿದ್ವಾ?’ ಎಂದರು ಅವರು, ಶಾಮಿಯಾನದ ಆ ತುದಿಗೂ ಕೇಳುವ ಹಾಗೆ. ಒಳಗಿನಿಂದ ಹಿತ್ತಾಳೆ ತಟ್ಟೆ, ಅರಿಶಿನ ಕುಂಕುಮ, ತುಪ್ಪದ ಬತ್ತಿ ಬಂದವು. ಅವು ಅದೆಷ್ಟು ಬೇಗ ಬಂದವೆಂದರೆ, ಬೆಳಗಿನಿಂದಲೇ ಬಾಗಿಲ ಹಿಂದೆ ಕಾಯುತ್ತಿದ್ದಿರಬೇಕು. ಒಬ್ಬರು ಹಾಡು ಎತ್ತಿಕೊಂಡರು. ಒಂದು ಮೂಲೆಯಲ್ಲಿ ನಿಂತಿದ್ದ ಕ್ಲಾಸಿನ ಹುಡುಗರು ತಿನ್ನುವುದನ್ನು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡಿದರು.

ಹರ್ಷಿತಾ ನನ್ನ ಹತ್ತಿರ ಬಂದಳು. ಅಳಲಿಲ್ಲ, ಕೂಗಲಿಲ್ಲ. ‘ದೊಡ್ಡಮ್ಮ, ನೀನು ಮಾತು ಕೊಟ್ಟಿದ್ದೆ’ ಎಂದಳು ಅಷ್ಟೆ. ಕೂಗಿದ್ದರೆ ನನ್ನ ಹತ್ತಿರ ಉತ್ತರ ಇರುತ್ತಿತ್ತು. ಅವಳ ಕೈ ಹಿಡಿದುಕೊಂಡು ನೇರ ಅಡುಗೆ ಮನೆಗೆ ಹೋದೆ. ಗಂಗಮ್ಮ ಒಬ್ಬರೇ ನೆಲದ ಮೇಲೆ ಕೂತು ಇನ್ನಷ್ಟು ಬತ್ತಿ ಹೊಸೆಯುತ್ತಿದ್ದರು.

‘ಏನತ್ತೆ ಇದು? ಬರ್ತ್‌ಡೇ ಅಂತ ಮಾತಾಗಿತ್ತು.’

‘ನಾನೆಲ್ಲಿ ಆರತಿ ಅಂದೆ? ಒಣಗಿರ್ಬೇಕು, ಕೈಗೆ ಅಂಟಬಾರ್ದು ಅಂದೋಳು ನೀನೇ ತಾನೆ?’ ಎಂದರು. ಆಮೇಲೆ ಮೊಮ್ಮಗಳ ಮುಖ ಕಂಡಿತು. ಬತ್ತಿ ಕೆಳಗಿಟ್ಟರು.

‘ನಿಂಗೆ ಅವಮಾನ ಮಾಡ್ಬೇಕು ಅಂತಲ್ಲ ಕಣವ್ವ’ ಎಂದರು. ‘ನಮ್ಮಪ್ಪನ ಮನೆ ತುರುವೇಕೆರೆ ಕಡೆ. ನಂಗೆ ಆರತಿ ಮಾಡ್ದಾಗ ಗುಡ್ಲಲ್ಲಿ ಕೂರ್ಸಿ, ನಮ್ಮವ್ವ, ಸೋದರತ್ತೆ, ಊರ ಹೆಂಗಸ್ರೆಲ್ಲಾ ಬಾಯಿಗಿಟ್ಟು ತಿನ್ನಿಸಿದ್ರು. ನಾನು ಏಳಕ್ಕೆ ಹೋದ್ರೆ, ಏಳಬ್ಯಾಡ, ಕೂತಿರು ಅನ್ನೋರು. ನಂಗೆ ಯಾರಾದ್ರೂ ಕೂತಿರು ಅಂದಿದ್ದು ಅದೊಂದೇ ಸತಿ. ಇವ್ಳಿಗೂ ಅದೊಂದು ಆಗ್ಲಿ ಅಂತ ಆಸೆ ಬಿದ್ದೆ.’

‘ಆಮೇಲೆ ಯಾರೂ ಅನ್ಲಿಲ್ವಾ ಅಜ್ಜಿ?’

‘ಯಾರಂತಾರೆ? ನಾನು ಕೂತ್ರೆ ಒಲೆ ಹಚ್ಚೋರ್ಯಾರು?’

ಹರ್ಷಿತಾ ಅಜ್ಜಿಯನ್ನೇ ನೋಡುತ್ತಾ ನಿಂತಿದ್ದಳು. ಅವಳು ಮುಂದೆ ಮಾಡಿದ್ದನ್ನು ನಾನು ಯೋಚಿಸಿರಲಿಲ್ಲ ಎಂದು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಗೌನನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಅಜ್ಜಿಯನ್ನು ಎಬ್ಬಿಸಿ, ‘ಬಾ’ ಎಂದು ಹೊರಗೆ ಕರೆದುಕೊಂಡು ಹೋದಳು. ಅಜ್ಜಿ ಹತ್ತಿ ಅಂಟಿದ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ‘ಬುಡೇ, ಬುಡೇ’ ಎನ್ನುತ್ತಲೇ ಇದ್ದರು. ಬಲೂನಿನ ಕುರ್ಚಿಯ ಮೇಲೆ ಅವರನ್ನು ಕೂರಿಸಿದಳು. ಅವರು ಏಳಲು ಹೋದರು. ‘ಏಳಬೇಡ. ಕೂತಿರು’ ಎಂದಳು.

ಹಾಡು ನಿಂತಿತು. ಗಂಡ ತೀರಿಕೊಂಡ ಮೇಲೆ ಗಂಗಮ್ಮ ಯಾವ ಶುಭಕಾರ್ಯದಲ್ಲೂ ಮುಂದಕ್ಕೆ ಬಂದವರಲ್ಲ, ಬಾಗಿಲ ಆಚೆಯೇ ನಿಂತು ಕೆಲಸ ಮಾಡುವವರು. ಸಿದ್ದಮ್ಮ ಆರತಿ ತಟ್ಟೆ ಹಿಡಿದುಕೊಂಡು, ಮುಂದೆ ಬರಲೋ ಬೇಡವೋ ಎಂದು ತಡೆದರು. ಹರ್ಷಿತಾ ಅವರ ಕೈಯಿಂದ ತಟ್ಟೆ ಇಸಿದುಕೊಂಡಳು. ಇನ್ನೊಂದು ಕಡೆ ಸಾನಿಯಾ ಬಂದು ಹಿಡಿದಳು. ತಂಬಿಟ್ಟಿನ ಗುಂಡಿಯಲ್ಲಿ ಸಣ್ಣ ದೀಪ ಉರಿಯುತ್ತಿತ್ತು. ಎರಡು ಸುತ್ತು ಆಗುವಷ್ಟರಲ್ಲಿ ಸಿದ್ದಮ್ಮನೇ ಹಾಡನ್ನು ಬಿಟ್ಟಲ್ಲಿಂದ ಎತ್ತಿಕೊಂಡರು, ಉಳಿದವರು ಜೊತೆಗೂಡಿದರು. ಹರ್ಷಿತಾ ಒಂದು ಚಿಗಳಿ ತೆಗೆದು ಅಜ್ಜಿಯ ಬಾಯಿಗಿಟ್ಟಳು. ಗಂಗಮ್ಮ ಅದನ್ನು ಅಗಿಯುತ್ತಾ, ಎಲ್ಲಿ ನೋಡಬೇಕೆಂದು ತಿಳಿಯದೆ, ತಮ್ಮ ಅಂಗೈಯನ್ನೇ ನೋಡಿಕೊಂಡು ಕೂತಿದ್ದರು. ಸುಜಾತ ಬಂದಳು, ಶಬಾನಾ ಬಂದರು, ಒಬ್ಬೊಬ್ಬರಾಗಿ ಎಲ್ಲರೂ ತಿನ್ನಿಸಿದರು. ಕ್ಲಾಸಿನ ಹುಡುಗನೊಬ್ಬ ಹತ್ತಿರ ಬಂದು, ‘ಇವತ್ತು ನಿಂದಾ, ನಿಮ್ಮಜ್ಜಿದಾ ಬರ್ತ್‌ಡೇ?’ ಎಂದು ಕೇಳಿದ. ‘ಇಬ್ರದೂ. ತಿನ್ನು’ ಎಂದು ಹರ್ಷಿತಾ ಅವನ ಕೈಗೆ ಎರಡು ಚಿಗಳಿ ಹಾಕಿದಳು. ಅವನು ತಿಂದು, ಚೆನ್ನಾಗಿದೆ ಎಂದು ಇನ್ನೂ ನಾಲ್ಕು ತೆಗೆದುಕೊಂಡು ಹೋಗಿ ಗೆಳೆಯರಿಗೆ ಹಂಚಿದ.

ಆಮೇಲೆ ಕೇಕು ಆಯಿತು. ಊಟಕ್ಕೆ ಎಲೆ ಹಾಕಿದಾಗ ಕೂತವರಲ್ಲಿ ಅರ್ಧ ಜನಕ್ಕೆ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ. ಸಾರು, ಪಲಾವು ದೊಡ್ಡ ದೊಡ್ಡ ಪಾತ್ರೆಯಲ್ಲಿ ಉಳಿದವು. ಹಸಿವಾಗಲಿ ಎಂದು ಕೊಟ್ಟ ಸ್ಟಾರ್ಟರ್ ಬಗ್ಗೆ ಇದಕ್ಕಿಂತ ಹೆಚ್ಚು ವಿಮರ್ಶೆ ಬೇಕಿಲ್ಲ. ಆದರೆ ಹೋಗುವಾಗ ಎಲ್ಲರೂ ನನ್ನ ಕೈ ಹಿಡಿದು, ‘ಹಿರೀರನ್ನ ಕೂರ್ಸಿ ಮಾಡಿದ್ದು ಎಷ್ಟ್ ಚೆಂದಾಗಿತ್ತು ಕಣ್ರೀ, ನಿಮ್ಮದೇ ಐಡಿಯಾ ಅಂತೆ’ ಎಂದರು. ಹಾಗೆಂದು ಯಾರು ಹೇಳಿದರೋ ನನಗೆ ತಿಳಿಯದು. ಅಲ್ಲ ಎಂದು ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ನಾಲಿಗೆ ‘ಹೇಗೋ ಆಯ್ತು ಬಿಡಿ’ ಎಂದು ವಿನಯದಿಂದ ಹೇಳಿಬಿಟ್ಟಿತ್ತು. ಹರ್ಷಿತಾ ಪಕ್ಕದಲ್ಲೇ ನಿಂತಿದ್ದಳು. ನನ್ನ ಡಬ್ಬಿಗೆ ಒತ್ತಿ ಒತ್ತಿ ಪಲಾವು ತುಂಬಿಕೊಟ್ಟಳು.

ಮುಂದಿನ ವಾರ ಕಿಬ್ಬನಹಳ್ಳಿಯಿಂದ ಒಬ್ಬ ಹೆಂಗಸಿನ ಫೋನು ಬಂತು. ಅಂದು ಊಟಕ್ಕೆ ಬಂದಿದ್ದವರಂತೆ. ಅವರ ಮಗಳಿಗೂ ಹದಿನೈದಂತೆ, ಅದೇ ಥರ ಮಾಡಬೇಕಂತೆ. ಚಿಗಳಿ, ತಂಬಿಟ್ಟು, ಕೋಡುಬಳೆ ಎಲ್ಲ ಕೇಳಿಕೊಂಡ ಮೇಲೆ, ‘ಅಜ್ಜೀನ ಕುರ್ಚಿ ಮೇಲೆ ಯಾವಾಗ ಕೂರಿಸ್ಬೇಕು ಮೇಡಂ?’ ಎಂದರು.

‘ಸ್ಟಾರ್ಟರ್ ಆದ ಮೇಲೆ, ಕೇಕಿಗೆ ಮೊದಲು’ ಎಂದೆ, ಶಾಸ್ತ್ರವೇ ಹಾಗಿದೆ ಎನ್ನುವ ಹಾಗೆ.

ಆಮೇಲೆ ಅವರು ಸಂಕೋಚದಿಂದ, ‘ನಮ್ಮನೇಲಿ ಅಜ್ಜೀರು ಯಾರೂ ಇಲ್ಲ. ನೀವು ಹೆಂಗೂ ಬಂದೇ ಇರ್ತೀರಲ್ಲ, ನೀವೇ ಕೂತ್ಕೋಬೌದಾ?’ ಎಂದು ಕೇಳಿದರು. ನನಗಿನ್ನೂ ಐವತ್ತೆರಡು. ಹೋದ ತಿಂಗಳು ತಾನೇ ತಲೆಗೆ ಬಣ್ಣ ಹಚ್ಚಿಸಿಕೊಂಡಿದ್ದೆ.

‘ಅದಕ್ಕೇನಂತೆ’ ಎಂದಿತು ನಾಲಿಗೆ.